ಮಾರ್ಚಿನ ಡಾಮರು, ಜುಲೈಯ ಹೊಂಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ವಾರ್ಡಿನ ರಸ್ತೆಗೆ ಮಾರ್ಚ್ ಕೊನೆಯ ವಾರ ಡಾಮರು ಹಾಕಿದರು. ಜುಲೈ ಹೊತ್ತಿಗೆ ಜಲ್ಲಿ ಎದ್ದು ಬಂದಿದೆ. ಗ್ರಾಮಸಭೆಯಲ್ಲಿ ಕೇಳಿದರೆ ‘ಈ ಸಲ ಮಳೆ ಜೋರು’ ಎನ್ನುತ್ತಾರೆ. ಹಾಕಬೇಕಾದಷ್ಟು ಹಾಕಿದ್ದಾರೋ ಇಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ?
— ಓದುಗರು, ಮಂಜೇಶ್ವರ ತಾಲೂಕು

ಉತ್ತರ: ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಕೇರಳದ ಈ ಕಾಸರಗೋಡು ಜಿಲ್ಲೆಯಲ್ಲಿ ಮಳೆಯನ್ನು ನೆಪ ಮಾಡಲು ಬರುವುದಿಲ್ಲ. ಎಸ್ಟಿಮೇಟ್ ಬರೆಯುವಾಗಲೇ ಅದು ಲೆಕ್ಕದಲ್ಲಿರಬೇಕು.

ಮೊದಲು ಟೇಪು ಹಿಡಿದು ರಸ್ತೆ ಅಳೆಯಿರಿ. 300 ಮೀಟರ್ ಉದ್ದ, 3 ಮೀಟರ್ ಅಗಲ ಎಂದಿಟ್ಟುಕೊಳ್ಳಿ. 900 ಚದರ ಮೀಟರ್ ಆಯಿತು. ಒಳರಸ್ತೆಗಳಿಗೆ ಸಾಮಾನ್ಯವಾಗಿ ಹಾಕುವುದು 20 ಮಿಲಿಮೀಟರ್ ದಪ್ಪದ ಚಿಪ್ಪಿಂಗ್ ಕಾರ್ಪೆಟ್, ಅಂದರೆ ಡಾಮರು ಬೆರೆಸಿದ ಸಣ್ಣ ಜಲ್ಲಿಯ ಪದರ. ಕೇಂದ್ರ ರಸ್ತೆ ಸಚಿವಾಲಯದ ನಿರ್ದಿಷ್ಟತೆಯಂತೆ ಇದಕ್ಕೆ ಪ್ರತಿ 10 ಚದರ ಮೀಟರಿಗೆ 0.27 ಘನ ಮೀಟರ್ ಜಲ್ಲಿ, 14.6 ಕಿಲೋ ಡಾಮರು ಬೇಕು. ಅದರ ಮೇಲೆ ಬಿ ಮಾದರಿಯ ಸೀಲ್ ಕೋಟ್ (ಸಂದು ಮುಚ್ಚುವ ಮೇಲ್ಪದರ) ಇದ್ದರೆ ಇನ್ನೂ 6.8 ಕಿಲೋ. ನಿಮ್ಮ ರಸ್ತೆಗೆ ಇದು 24.3 ಘನ ಮೀಟರ್ ಜಲ್ಲಿ ಮತ್ತು 1,926 ಕಿಲೋ ಡಾಮರು. 156 ಕಿಲೋ ಹಿಡಿಸುವ ಪೀಪಾಯಿಯ ಲೆಕ್ಕದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪೀಪಾಯಿ ನಿಮ್ಮ ರಸ್ತೆಯ ಬದಿಯಲ್ಲಿ ಖಾಲಿಯಾಗಿರಬೇಕು. ಕೆಲಸ ನಡೆಯುವಾಗ ಮನೆಯ ಗೇಟಿನಲ್ಲಿ ನಿಂತೇ ಎಣಿಸಬಹುದಾದ ಸಂಗತಿ ಇದು. ಈಗ ಕಾಲ ಮೀರಿದ್ದರೆ, ಕಿತ್ತುಹೋದ ಅಂಚಿಗೆ ಸ್ಕೇಲು ಇಟ್ಟು ದಪ್ಪ ನೋಡಿ, ಫೋಟೊ ತೆಗೆದಿಡಿ.

ಇಂಥ ರಸ್ತೆ ಕಿತ್ತುಬರುವ ಕಾರಣಗಳು ಹೆಚ್ಚೇನಿಲ್ಲ. ಹಳೆಯ ರಸ್ತೆಯ ಧೂಳನ್ನು ಚೆನ್ನಾಗಿ ಗುಡಿಸದೆ ಟ್ಯಾಕ್ ಕೋಟ್ (ಅಂಟಿಗಾಗಿ ಹಾಕುವ ತೆಳು ಡಾಮರು) ಎರಚಿದರೆ ಹೊಸ ಪದರ ಹಳೆಯದಕ್ಕೆ ಅಂಟುವುದಿಲ್ಲ. ಡಾಮರನ್ನು ಅತಿಯಾಗಿ ಕಾಯಿಸಿದರೆ ಅದು ಸುಟ್ಟು ಅಂಟು ಕಳೆದುಕೊಳ್ಳುತ್ತದೆ. 20 ಮಿಲಿಮೀಟರ್ ಕಾರ್ಪೆಟಿನಲ್ಲಿ ಸಂದುಗಳಿರುತ್ತವೆ, ನೀರು ಇಳಿಯದಂತೆ ಅದನ್ನು ಮುಚ್ಚುವುದೇ ಸೀಲ್ ಕೋಟಿನ ಕೆಲಸ. ಉಳಿತಾಯದ ಕೈ ಮೊದಲು ಬೀಳುವುದೂ ಅಲ್ಲಿಗೇ. ಎಲ್ಲಕ್ಕಿಂತ ದೊಡ್ಡದು ಚರಂಡಿ. ಬದಿಯ ಚರಂಡಿ ಬಿಡಿಸದೆ ಹಾಕಿದ ಡಾಮರು ಎಷ್ಟು ಒಳ್ಳೆಯದಾದರೂ ನಿಲ್ಲದು.

ಇನ್ನು ಕಾಗದಪತ್ರ. ಮಾಹಿತಿ ಹಕ್ಕು ಕಾಯ್ದೆಯಡಿ (2005) ಬಿಳಿ ಹಾಳೆಯಲ್ಲಿ ಅರ್ಜಿ ಬರೆದು 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ. ‘ರಸ್ತೆ ಯಾಕೆ ಹಾಳಾಯಿತು?’ ಎಂದು ಬರೆಯಬೇಡಿ. ಮಾಹಿತಿ ಅಧಿಕಾರಿ ಕೊಡಬೇಕಾದದ್ದು ದಾಖಲೆ, ವಿವರಣೆಯಲ್ಲ. ಎಷ್ಟೋ ಅರ್ಜಿಗಳು ಸೋಲುವುದು ಈ ‘ಯಾಕೆ’ಯಿಂದ. ಮಂಜೂರಾದ ಎಸ್ಟಿಮೇಟ್, ಗುತ್ತಿಗೆ ಒಪ್ಪಂದ, ಅಳತೆ ಪುಸ್ತಕದ ಪುಟಗಳು, ಡಾಮರು ಖರೀದಿಯ ಬಿಲ್ಲು, ಗುಣಮಟ್ಟ ಪರೀಕ್ಷೆಯ ವರದಿ, ದೋಷ ಸರಿಪಡಿಸುವ ಹೊಣೆಯ ಅವಧಿ, ಇಷ್ಟರ ಪ್ರತಿ ಬೇಕೆಂದು ಬರೆಯಿರಿ. ಕಾಯ್ದೆಯ 2(ಜೆ) ಕಲಮಿನಂತೆ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ವಸ್ತುವಿನ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ, ನೀವು ಕೇಳಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಅನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದ ವರೆಗೆ ದಂಡ ಹಾಕಬಹುದು.

ಕೆಲಸವೆಲ್ಲ ಮಾರ್ಚಿನಲ್ಲೇ ರಾಶಿ ಬೀಳುವುದೇಕೆ? ಉಳಿಸಿದ ಇಲಾಖೆಗೆ ಬಹುಮಾನವಿಲ್ಲ, ಮುಂದಿನ ವರ್ಷದ ಪಾಲು ಕಡಿಮೆಯಾಗುವ ಭಯ ಮಾತ್ರ ಇದೆ. ವರ್ಷಾಂತ್ಯದ ಖರ್ಚಿನ ನೂಕುನುಗ್ಗಲು ಹಣಕಾಸಿನ ಶಿಸ್ತಿನ ಉಲ್ಲಂಘನೆ ಎಂದು ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಹೇಳುತ್ತವೆ. ಆದರೂ ನಿಲ್ಲದ್ದಕ್ಕೆ ಮಿಲ್ಟನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞ ಕೊಟ್ಟ ಕಾರಣ ಸರಳ: ಬೇರೆಯವರ ಹಣವನ್ನು ಬೇರೆಯವರಿಗಾಗಿ ಖರ್ಚು ಮಾಡುವವನಿಗೆ ಬೆಲೆಯ ಚಿಂತೆಯೂ ಇರುವುದಿಲ್ಲ, ಗುಣದ ಚಿಂತೆಯೂ ಇರುವುದಿಲ್ಲ.

ಪ್ರಶ್ನೆ: ಅರ್ಜಿಯನ್ನು ಕನ್ನಡದಲ್ಲಿ ಕೊಟ್ಟರೆ ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಹಿಂದೆ ಕೊಡುತ್ತಾರೆ. ಏನು ಮಾಡಲಿ?
— ಓದುಗರು, ಕುಂಬಳೆ

ಉತ್ತರ: ಹಿಂದೆ ತೆಗೆದುಕೊಳ್ಳಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆನ್ನುತ್ತದೆ ಸಂವಿಧಾನದ 350ನೇ ವಿಧಿ. ಎರಡು ಪ್ರತಿ ಒಯ್ದು ಒಂದಕ್ಕೆ ತಾರೀಕಿನ ಸೀಲು ಹಾಕಿಸಿ. ಹಾಕದಿದ್ದರೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಅನುವಾದದ ಖರ್ಚು ಕಚೇರಿಯದು, ತೆರಿಗೆ ಕೊಟ್ಟವರದಲ್ಲ.

ಪ್ರಶ್ನೆ: ನಮ್ಮ ತೋಡಿಗೆ ಲಕ್ಷಗಟ್ಟಲೆ ಸುರಿದು ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಇಳಿಸಿ ನೀರು ತಡೆಯುವ ಕಾಂಕ್ರೀಟ್ ಕಟ್ಟೆ) ಕಟ್ಟಿದ್ದಾರೆ. ಜನವರಿ ಬಂದರೂ ಹಲಗೆ ಇಟ್ಟಿಲ್ಲ. ಮೊದಲು ನಾವೇ ಮಣ್ಣಿನ ಕಟ್ಟ ಹಾಕುತ್ತಿದ್ದೆವು. ಈಗ ಅದೂ ಇಲ್ಲ, ಇದೂ ಇಲ್ಲ.
— ಓದುಗರು, ಕಾಸರಗೋಡು ತಾಲೂಕು

ಉತ್ತರ: ದುಂದಿನ ವಿಷಯ ಬಂದಾಗ ನಮಗೆ ಹೆಚ್ಚು ನೋವು ಕೊಡುವ ಉದಾಹರಣೆ ಇದೇ. ಕಳೆದುಹೋದದ್ದು ಹಣವೊಂದೇ ಅಲ್ಲ, ಊರಿನವರು ಕೂಡಿ ಮಾಡುತ್ತಿದ್ದ ಒಂದು ಕೆಲಸವೂ ಹೋಯಿತು.

ಕಟ್ಟಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ತೋಡಿನ ಹರಿವು ಇಳಿಯುತ್ತ ಬಂದಾಗ ಕಲ್ಲು, ಮಣ್ಣು, ಅಡಿಕೆ ಮರದ ಸಲಕೆ ಸೇರಿಸಿ ಹಾಕುವುದು, ಮಳೆಗಾಲಕ್ಕೆ ಬಿಡುವುದು. ಯಾರ ತೋಟಕ್ಕೆ ನೀರು ನಿಲ್ಲುತ್ತದೋ ಅವರು ಪಾಲು ಹಾಕುವುದು. ನಮ್ಮ ಜಿಲ್ಲೆಯ ಏತಡ್ಕದ ಕೃಷಿಕರು ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕಿ ಬಾವಿ, ಸುರಂಗಗಳ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡ ಕೊರೆದ ಬಾವಿಗಳ) ನೀರನ್ನು ಕಾಪಾಡಿಕೊಂಡು ಬಂದವರು. ಅಲ್ಲಿ ಹಣ ಕೊಡುವವನೂ ನೀರು ಪಡೆಯುವವನೂ ಒಬ್ಬನೇ. ಸೋರಿದರೆ ಅದೇ ದಿನ ಮಣ್ಣು ಮೆತ್ತುತ್ತಾನೆ.

ಕಿಂಡಿ ಅಣೆಕಟ್ಟು ಕೆಟ್ಟ ತಂತ್ರವೇನಲ್ಲ. ಆದರೆ ಅದು ವರ್ಷಕ್ಕೆ ಎರಡು ಸಲ ಕೈ ಬೇಡುವ ಕಟ್ಟೋಣ. ಹರಿವು ಪೂರಾ ನಿಲ್ಲುವ ಮೊದಲೇ, ನವೆಂಬರ್–ಡಿಸೆಂಬರಿನಲ್ಲಿ, ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿಮಣ್ಣು ತುಂಬಿ ತುಳಿಯಬೇಕು. ಮೇ ಕೊನೆಗೆ ತೆಗೆಯಬೇಕು. ತೆಗೆಯಲು ತಡವಾದರೆ ಮೊದಲ ನೆರೆಗೆ ಮರದ ಬೊಡ್ಡೆ, ಕಸ ಸಿಕ್ಕಿಕೊಂಡು ನೀರು ಬದಿಯ ತೋಟವನ್ನೇ ಕೊರೆಯುತ್ತದೆ. ಬಿಸಿಲಿಗೆ ಬಿದ್ದ ಹಲಗೆ ಸೀಳುತ್ತದೆ, ಇಲ್ಲವೇ ಕಾಣೆಯಾಗುತ್ತದೆ. ಕಾಂಕ್ರೀಟಿಗೆ ಎಸ್ಟಿಮೇಟ್ ಇರುತ್ತದೆ, ಉದ್ಘಾಟನೆ ಇರುತ್ತದೆ. ಹಲಗೆ ಇಡುವ ನಾಲ್ಕು ಆಳಿನ ಸಂಬಳ ಯಾವ ಲೆಕ್ಕಶೀರ್ಷಿಕೆಯಲ್ಲೂ ಇರುವುದಿಲ್ಲ.

ಹೀಗೆ ಮಾಡಿ: ನೀರು ಪಡೆಯುವ ಮನೆಗಳ ಬಳಕೆದಾರರ ಸಮಿತಿ ರಚಿಸಿ, ಹಲಗೆಗಳನ್ನು ಎಣಿಸಿ ನಂಬ್ರ ಬರೆದು ಸಮಿತಿಯ ವಶಕ್ಕೆ ಕೊಡುವಂತೆ ಪಂಚಾಯತಿಗೆ ಲಿಖಿತ ಮನವಿ ಕೊಡಿ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ಅದರ ಪ್ರತಿ ಪಡೆಯಿರಿ. ಖರ್ಚನ್ನು ತೋಟದ ವಿಸ್ತೀರ್ಣದಂತೆ ಹಂಚಿಕೊಳ್ಳಿ, ತಲೆಲೆಕ್ಕದಲ್ಲಿ ಹಂಚಿದರೆ ಸಣ್ಣವರು ಎರಡನೇ ವರ್ಷ ಬಿಟ್ಟುಹೋಗುತ್ತಾರೆ. ಈ ವರ್ಷ ಹಲಗೆ ಸಿಗದಿದ್ದರೆ ಹಳೆಯ ಜಾಗದಲ್ಲೇ ಕಟ್ಟ ಹಾಕಿ, ಇನ್ನೂ ಹೊತ್ತು ಮೀರಿಲ್ಲ.

ಪ್ರಶ್ನೆ: ಸರಕಾರ ಚಿಕ್ಕದಾಗಲಿ ಎನ್ನುವ ನೀವು ಎಂಡೋಸಲ್ಫಾನ್ ಕಂಡ ಈ ನೆಲದಲ್ಲಿ ನಿಂತು ಅದನ್ನು ಹೇಳಬಹುದೆ? ಬಡವರನ್ನು ಕಾಯುವವರಾರು?
— ಓದುಗರು, ಬದಿಯಡ್ಕ

ಉತ್ತರ: ಈ ನೆಲದಲ್ಲಿ ನಿಂತೇ ಹೇಳಬೇಕು. ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದದ್ದು ಖಾಸಗಿ ಜಮೀನ್ದಾರನಲ್ಲ; ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಷನ್, ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ವರೆಗೆ. ತೋಟದ ಒಡೆಯನೂ ತಪಾಸಣೆ ಮಾಡಬೇಕಾದವನೂ ಒಬ್ಬನೇ ಆದಾಗ ದೂರು ಕೇಳುವವರು ಯಾರು? ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಮತ್ತೆ ಅದೇ ಕೋರ್ಟಿನ ಮುಂದೆ ಬಂದಾಗ, 3,704 ಮಂದಿಯಲ್ಲಿ ಪರಿಹಾರ ತಲುಪಿದ್ದು 8 ಮಂದಿಗೆ.

ಸರಕಾರದ ಕೆಲಸ ಕಡಿಮೆಯಿರಲಿ ಎನ್ನುವ ನಮ್ಮಂಥ ಸ್ವಾತಂತ್ರ್ಯವಾದಿಗಳು ಕೇಳುವುದು ಕಾನೂನಿಲ್ಲದ ಊರನ್ನಲ್ಲ. ಒಬ್ಬನ ಮೈಗೆ, ಮಣ್ಣಿಗೆ, ಬಾವಿಗೆ ಹಾನಿ ಮಾಡಿದವನಿಂದ ಬೇಗ ಪರಿಹಾರ ಕೊಡಿಸುವುದು ಸರಕಾರದ ಮೊದಲ ಕೆಲಸ. ಆ ಕೆಲಸಕ್ಕೆ ಕೈ ಬಿಡುವಿರಬೇಕಾದರೆ ಅದು ಗೇರು ಬೆಳೆಯುವುದನ್ನು ಬಿಡಬೇಕು.

ಪ್ರಶ್ನೆ: ಹಾಗಾದರೆ ಅಡಿಕೆಯ ಕನಿಷ್ಠ ಆಮದು ಬೆಲೆಯೂ ಬೇಡವೆ?
— ಅಡಿಕೆ ಕೃಷಿಕರು, ಮುಳ್ಳೇರಿಯ

ಉತ್ತರ: ಅಪ್ರಿಯವಾದರೂ ಹೇಳುತ್ತೇವೆ: ತತ್ತ್ವ ಒಂದೇ, ಅಡಿಕೆಗೆ ಬೇರೆಯಲ್ಲ. ಇದಕ್ಕಿಂತ ಅಗ್ಗದ ಅಡಿಕೆ ಆಮದಾಗಬಾರದೆಂದು ಕೇಂದ್ರ ಸರಕಾರ ಗೊತ್ತುಮಾಡುವ ಬೆಲೆಯಿದು; 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿ ಇದ್ದುದನ್ನು 351ಕ್ಕೆ ಏರಿಸಿದರು. ಒಂದು ಅಧಿಸೂಚನೆಯಿಂದ ಏರಿದ ಬೆಲೆ ಇನ್ನೊಂದು ಅಧಿಸೂಚನೆಯಿಂದ ಇಳಿಯಬಲ್ಲದು. ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ಅಂತರ ಹೆಚ್ಚಿದಷ್ಟೂ ಕಳ್ಳಸಾಗಣೆಯವನ ಲಾಭ ಹೆಚ್ಚು. ತೋಟವನ್ನು ದೆಹಲಿಯ ಕಾಗದದ ಮೇಲೆ ನಿಲ್ಲಿಸುವುದಕ್ಕಿಂತ ಕಾಳುಮೆಣಸು, ಕೊಕ್ಕೊಗಳ ಮೇಲೂ ನಿಲ್ಲಿಸುವುದು ಭದ್ರ.

ಪ್ರಶ್ನೆ: ಮನೆಯಲ್ಲೇ ಹಲಸಿನ ಹಪ್ಪಳದ ಸಣ್ಣ ಘಟಕ ಮಾಡಬೇಕೆಂದಿದ್ದೇನೆ. ಎಷ್ಟು ಲೈಸೆನ್ಸ್ ಬೇಕು?
— ಓದುಗರು, ಪೈವಳಿಕೆ

ಉತ್ತರ: ಮೊದಲಿಗಿಂತ ಈಗ ಸುಲಭ, ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ರಾಜಾಜಿ ‘ಲೈಸೆನ್ಸ್-ಪರ್ಮಿಟ್ ರಾಜ್’ ಎಂದು ಹೆಸರಿಟ್ಟು ಹೋರಾಡಿದ್ದರಲ್ಲ, ಅದರ ಒಂದು ಗಂಟನ್ನು ಕೇರಳ 2019ರ ಸಣ್ಣ ಉದ್ಯಮ ಕಾಯ್ದೆಯಲ್ಲಿ ಬಿಚ್ಚಿದೆ. ಕೆ-ಸ್ವಿಫ್ಟ್ ಎಂಬ ರಾಜ್ಯದ ಏಕಗವಾಕ್ಷಿ ಪೋರ್ಟಲಿನಲ್ಲಿ ಸ್ವಯಂಘೋಷಣೆ ಸಲ್ಲಿಸಿ ಸ್ವೀಕೃತಿ ಪತ್ರ ಪಡೆದರೆ ಪಂಚಾಯತಿನದೂ ಸೇರಿ ರಾಜ್ಯದ ಅನುಮತಿಗಳಿಲ್ಲದೆ ಮೂರು ವರ್ಷ ಘಟಕ ನಡೆಸಬಹುದು. ಅದು ಮುಗಿದ ಮೇಲೆ ಆರು ತಿಂಗಳೊಳಗೆ ಎಲ್ಲ ಅನುಮತಿ ಪಡೆಯಬೇಕು. ಮಾಲಿನ್ಯದ ಕೆಂಪು ಪಟ್ಟಿಯ ಉದ್ಯಮಗಳಿಗೆ ಈ ಸೌಲಭ್ಯವಿಲ್ಲ; ಹಪ್ಪಳಕ್ಕೆ ಆ ತೊಂದರೆಯಿಲ್ಲ. ಆದರೆ ಎರಡು ಕಡೆ ಜನ ಎಡವುತ್ತಾರೆ. ಆಹಾರ ಸುರಕ್ಷತಾ ನೋಂದಣಿ ಕೇಂದ್ರದ ಕಾನೂನು, ಅದನ್ನು ಮೊದಲ ದಿನವೇ ಮಾಡಿಸಬೇಕು. ಗದ್ದೆ ಎಂದು ದಾಖಲಾದ ಜಾಗದಲ್ಲಿ ಶೆಡ್ ಹಾಕಿದರೆ 2008ರ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಸ್ವೀಕೃತಿ ಪತ್ರ ಆಗ ಕೆಲಸಕ್ಕೆ ಬಾರದು. ಶೆಡ್ಡಿಗೆ ಕಲ್ಲು ತರಿಸುವ ಮೊದಲು ಗ್ರಾಮ ಕಚೇರಿಯಲ್ಲಿ ಜಾಗದ ದಾಖಲೆ ನೋಡಿಕೊಳ್ಳಿ.