ಓದುಗರ ಪ್ರಶ್ನೆ: ಒಂದೇ ಹಲಗೆಯ ಊಟದ ಮೇಜು

ಪ್ರಶ್ನೆ: ಅಂಚನ್ನು ನೇರವಾಗಿ ಕೊಯ್ಯದೆ, ಮರದ ಸಹಜ ಅಂಕುಡೊಂಕನ್ನು ಹಾಗೆಯೇ ಉಳಿಸಿಕೊಂಡ ಒಂದೇ ಹಲಗೆಯಿಂದ ಊಟದ ಮೇಜು ಮಾಡಬೇಕೆಂದಿದ್ದೇನೆ. ಹಲಗೆ 2 ಮೀಟರ್ ಉದ್ದ, 90 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪವಿದೆ. ಹಸಿಮರವನ್ನು ಕೊಯ್ಸಿ ಎಂಟು ತಿಂಗಳಾಗಿದೆ. ಒಂದು ತುದಿ ಸೀಳಿದೆ, ಅಗಲದಲ್ಲಿ ಸ್ವಲ್ಪ ಬಾಗಿದೆ. ಕೆಳಗೆ ಕಬ್ಬಿಣದ ಚೌಕಟ್ಟನ್ನು ಬಿಗಿಯಾಗಿ ಕೂರಿಸಿದರೆ ಬಾಗು ನಿಲ್ಲುವುದೇ? ತೊಗಟೆಯನ್ನು ಉಳಿಸಬಹುದೇ?

ಉತ್ತರ: ಈಗಲೇ ಉಳಿ ಹಿಡಿಯಬೇಡಿ. ಗಾಳಿಯಲ್ಲಿ ಒಣಗುವ ಹಲಗೆಗೆ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬುದು ಬಡಗಿಗಳ ಸ್ಥೂಲ ಲೆಕ್ಕ. ಅದರಂತೆ ನಿಮ್ಮ ಹಲಗೆಗೆ ಎರಡು ವರ್ಷ ಬೇಕು. ಆದರೆ ವರ್ಷಗಳ ಎಣಿಕೆಗಿಂತ ತೇವಾಂಶ ಮಾಪಕವನ್ನು ನಂಬುವುದು ಮೇಲು. ಮನೆಯೊಳಗಿನ ಪೀಠೋಪಕರಣಕ್ಕೆ ಸಾಮಾನ್ಯವಾಗಿ ಶೇ. 8ರಿಂದ 12ರಷ್ಟು ತೇವಾಂಶ ತಕ್ಕುದು. ಮೇಜು ಇರಬೇಕಾದ ಕೋಣೆಯಲ್ಲೇ ಹಲಗೆಯನ್ನು ಕೆಲವು ವಾರ ಇಟ್ಟು, ಹಲವು ಕಡೆ ಅಳೆದು, ಅಂಕಿ ಇಳಿಯುವುದು ನಿಂತ ಮೇಲೆ ಕೆಲಸಕ್ಕಿಳಿಯಿರಿ. ಅಲ್ಲಿಯವರೆಗೆ ಕೆಳಗೆ ಸಮ ಅಂತರದಲ್ಲಿ ಪಟ್ಟಿಗಳನ್ನಿಟ್ಟು ಎರಡೂ ಮುಖಗಳಿಗೆ ಗಾಳಿಯಾಡಲು ಬಿಡಿ. ತುದಿಗಳ ಮೂಲಕ ನೀರು ಬಹುಬೇಗ ಹೊರಹೋಗುವುದರಿಂದಲೇ ಸೀಳು ಅಲ್ಲಿಂದ ಹುಟ್ಟುತ್ತದೆ, ಆದ್ದರಿಂದ ಅವುಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಿರಿ.

ಬಾಗನ್ನು ಕಬ್ಬಿಣದಿಂದ ತಡೆಯಬಹುದೆಂಬ ನಿಮ್ಮ ಆಲೋಚನೆಯನ್ನು ದಯವಿಟ್ಟು ಕೈಬಿಡಿ, ಏಕೆಂದರೆ ಇಂತಹ ಮೇಜುಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಮರ ಉದ್ದಕ್ಕೆ ಕುಗ್ಗುವುದು ನಗಣ್ಯ. ಅಗಲಕ್ಕೆ ಮಾತ್ರ ಧಾರಾಳವಾಗಿ ಹಿಗ್ಗಿ ಕುಗ್ಗುತ್ತದೆ, ಅದರಲ್ಲೂ ವಾರ್ಷಿಕ ಬಳೆಗಳ ಗುಂಟ ಆಗುವ ಕುಗ್ಗುವಿಕೆ ಬಳೆಗಳನ್ನು ಅಡ್ಡ ದಾಟುವ ದಿಕ್ಕಿನದಕ್ಕಿಂತ ಸುಮಾರು ಎರಡು ಪಟ್ಟು. ಹಲಗೆ ಬಾಗುವುದಕ್ಕೆ ಈ ವ್ಯತ್ಯಾಸವೇ ಕಾರಣ. ಮಳೆಗಾಲ ಮತ್ತು ಬೇಸಿಗೆಯ ನಡುವೆ ತೇವಾಂಶ ಶೇ. 4ರಷ್ಟು ಬದಲಾದರೂ 90 ಸೆಂ.ಮೀ. ಅಗಲ ಏಳೆಂಟು ಮಿಲಿಮೀಟರ್ ಹೆಚ್ಚುಕಡಿಮೆಯಾಗಬಹುದು. ಅಷ್ಟು ಚಲನೆಯನ್ನು ಬಿಗಿಯಾದ ತಿರುಪು ಕಟ್ಟಿಹಾಕಿದರೆ ಹಲಗೆಯೇ ಸೀಳುತ್ತದೆ. ಚೌಕಟ್ಟು ಇರಲಿ, ಆದರೆ ಅದರ ರಂಧ್ರಗಳನ್ನು ಹಲಗೆಯ ಅಗಲದ ದಿಕ್ಕಿನಲ್ಲಿ ಉದ್ದವಾಗಿ ಕೊರೆಸಿ, ವಾಷರ್ ಹಾಕಿ, ಬೋಲ್ಟ್ ಸರಿದಾಡುವಷ್ಟು ಮಾತ್ರ ಬಿಗಿಯಿರಿ. ನಡುವಿನ ಬೋಲ್ಟ್‌ಗಳು ಕದಲದಂತಿದ್ದರೆ ಹಲಗೆ ಎರಡೂ ಕಡೆಗೆ ಸಮನಾಗಿ ಹರಡಿಕೊಳ್ಳುತ್ತದೆ.

ಈಗಿರುವ ಬಾಗನ್ನು ಒಣಗಿದ ಬಳಿಕ ಕೆತ್ತಿಯೇ ತೆಗೆಯಬೇಕು. ಇಷ್ಟು ಅಗಲದ ಹಲಗೆ ಸಾಮಾನ್ಯ ಯಂತ್ರಗಳಲ್ಲಿ ಹಿಡಿಸುವುದಿಲ್ಲವಾದ್ದರಿಂದ, ಎರಡು ಬದಿಗೂ ಒಂದೇ ಮಟ್ಟದ ಹಳಿಗಳನ್ನು ಜೋಡಿಸಿ, ಅವುಗಳ ಮೇಲೆ ರೌಟರ್ (ವೇಗವಾಗಿ ತಿರುಗುವ ಅಲಗಿನಿಂದ ಮರ ಕೆತ್ತುವ ಕೈಯಂತ್ರ) ಸರಿಸುತ್ತಾ ತೆಳುವಾಗಿ ಕೆತ್ತುತ್ತಾರೆ. ಹಲಗೆ ತೂಗಾಡದಂತೆ ಕೆಳಗೆ ಬೆಣೆಗಳಿರಲಿ. ಒಂದೇ ಮುಖದಿಂದ ಹೆಚ್ಚು ತೆಗೆದರೆ ಒಳಗಿನ ಬಿಗುಪು ಸಡಿಲಗೊಂಡು ಮತ್ತೆ ಬಾಗಬಹುದು. ಎರಡೂ ಕಡೆಯಿಂದ ಸರಿಸುಮಾರು ಸಮನಾಗಿ ತೆಗೆದು, ಕೆಲವು ದಿನ ಬಿಟ್ಟು, ಕೊನೆಯ ಹದ ಕೊಡಿ. ದೂಳಿಗೆ ಮುಖಗವಸು ಕಡ್ಡಾಯ.

ಸೀಳಿಗೆ ಎಪಾಕ್ಸಿ (ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಬಹುದು, ಆದರೆ ಅದೊಂದನ್ನೇ ನೆಚ್ಚಬಾರದು. ಡಮರುವಿನ ಆಕಾರದ ಗಟ್ಟಿಮರದ ತುಂಡುಗಳನ್ನು, ಅವುಗಳ ಎಳೆ ಸೀಳನ್ನು ಅಡ್ಡಹಾಯುವಂತೆ, ಹಲಗೆಯ ದಪ್ಪದ ಮೂರನೇ ಒಂದು ಭಾಗದಷ್ಟಾದರೂ ಆಳಕ್ಕೆ ಕೂರಿಸಿದರೆ ಸೀಳು ಮುಂದುವರಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ನನ್ನ ಕಣ್ಣಿಗೆ ಆ ಜೋಡಣೆ ಸೀಳಿಲ್ಲದ ಹಲಗೆಗಿಂತಲೂ ಚಂದ.

ತೊಗಟೆಯನ್ನು ತೆಗೆದುಬಿಡಿ. ಒಣಗಿದಂತೆ ಅದು ಹೇಗೂ ಉದುರುತ್ತದೆ, ಅದರಡಿಯಲ್ಲಿ ಹುಳುಗಳೂ ಅಡಗಿರುತ್ತವೆ. ಮೊಂಡು ಉಳಿಯಿಂದ ಎಬ್ಬಿಸಿದರೆ ಅಂಚಿನ ಸಹಜ ರೂಪ ಕೆಡುವುದಿಲ್ಲ.

ಎಣ್ಣೆ ಅಥವಾ ವಾರ್ನಿಷನ್ನು ಮೇಲ್ಮುಖದಷ್ಟೇ ಬಾರಿ ಕೆಳಮುಖಕ್ಕೂ ಬಳಿಯಿರಿ, ಇಲ್ಲವಾದರೆ ಒಂದು ಮುಖ ಬೇಗ ತೇವ ಹೀರಿ ಬಾಗು ಮರಳುತ್ತದೆ. ಅಗಸೆ ಎಣ್ಣೆ ಬಳಸಿದರೆ, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅವನ್ನು ಹೊರಗೆ ಹರಡಿ ಪೂರ್ತಿ ಒಣಗಿಸಿ.