ಜಾರ್ಜ್ ಇನ್‌ಗೆ ಹೋದ್ರೆ ಮೊದಲು ಹಾಫ್ ತಗೊಳ್ಳಿ

ಹೋದ ಸಂಚಿಕೆಯಲ್ಲಿ ಲಂಡನ್ನಿನ ಜಾರ್ಜ್ ಇನ್ ಅನ್ನೋ ಹಳೇ ಪಬ್ಬಿನ ಬಗ್ಗೆ, ಅಲ್ಲಿ ಸಿಗೋ ರಿಯಲ್ ಏಲ್ ಅನ್ನೋ ಬಿಯರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನೇ ಹಿಡ್ಕೊಂಡು ತುಂಬಾ ಜನ ಕೇಳಿದ್ದೀರ, ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಮಗ ಲಂಡನ್ನಲ್ಲಿ ಕೆಲಸದಲ್ಲಿದ್ದಾನೆ, ಸೆಪ್ಟೆಂಬರ್ ಕೊನೆಗೆ ನಾನೂ ನಮ್ಮ ಮನೆಯವರೂ ಹೋಗ್ತಿದ್ದೀವಿ. ಜಾರ್ಜ್ ಇನ್‌ಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾನೆ. ನಿಜವಾಗ್ಲೂ ಅಷ್ಟು ಹಳೇದಾ ಅದು? ಇಂಗ್ಲೆಂಡ್ ಬಿಯರ್ ಬಿಸಿ ಇರತ್ತೆ, ಗ್ಯಾಸೇ ಇರಲ್ಲ ಅಂತ ಸ್ನೇಹಿತರು ಹೆದರಿಸಿದ್ದಾರೆ, ಹೌದಾ? — ಓದುಗರೊಬ್ಬರು, ದಾವಣಗೆರೆ

ಹಳೇದೇ ಸರ್. ಜಾರ್ಜ್ ಇರೋ ಏರಿಯಾ ಹೆಸರನ್ನ ಬರೆಯೋದು ಸೌತ್‌ವಾರ್ಕ್ ಅಂತ, ಅಲ್ಲಿನ ಜನ ಕರೆಯೋದು ಸದಕ್ ಅಂತ. 1676ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು ಏರಿಯಾದ ಹೆಚ್ಚಿನ ಪಾಲು ಸುಟ್ಟು ಹೋಯ್ತು, ಅದರಲ್ಲಿ ಹಳೇ ಜಾರ್ಜ್ ಕೂಡ ಹೋಯ್ತು, ಮಾರನೇ ವರ್ಷ 1677ರಲ್ಲಿ ಮತ್ತೆ ಕಟ್ಟಿದ್ರು, ಈಗ ನೀವು ನೋಡೋದು ಆ ಕಟ್ಟಡ. ಆಗ ಲಂಡನ್ ಸಿಟಿಯ ಪಕ್ಕ ಥೇಮ್ಸ್ ದಾಟೋಕೆ ಇದ್ದಿದ್ದು ಲಂಡನ್ ಬ್ರಿಡ್ಜ್ ಒಂದೇ, ದಕ್ಷಿಣದ ಕಡೆಯಿಂದ ಬರೋ ಕುದುರೆ ಗಾಡಿಗಳೆಲ್ಲ ಸೇತುವೆಗೆ ಮುಂಚೆ ಸಿಗೋ ಬೀದಿಯಲ್ಲಿ ನಿಲ್ತಿದ್ವು, ಅದರ ಹೆಸರು ಬರೋ (Borough) ಹೈ ಸ್ಟ್ರೀಟ್, ಅದಕ್ಕೇ ಆ ಬೀದಿ ತುಂಬ ಇಂಥ ಛತ್ರಗಳು. ನಡುವೆ ಅಂಗಳ, ಸುತ್ತ ಮರದ ಜಗಲಿ ಇರೋ ಮಹಡಿ, ಕೆಳಗೆ ಕುದುರೆ, ಮೇಲೆ ಮಲಗೋ ರೂಮು. ನಮ್ಮ ಕಡೆಯ ಹಳೇ ತೊಟ್ಟಿಮನೆ ನೋಡಿದವರಿಗೆ ಆ ಅಂಗಳದಲ್ಲಿ ನಿಂತರೆ ಹೊಸ ಜಾಗ ಅನ್ಸೋದೇ ಇಲ್ಲ. ಆಮೇಲೆ ರೈಲು ಬಂತು, ಕುದುರೆ ಗಾಡಿ ಕಾಲ ಮುಗೀತು, ರೈಲ್ವೆ ಕಂಪನಿಯವರು 1889ರಲ್ಲಿ ಜಾರ್ಜ್‌ನ ಎರಡು ಭಾಗ ಕೆಡವಿಬಿಟ್ರು, ಉಳಿದಿದ್ದು ದಕ್ಷಿಣದ ಒಂದು ಸಾಲು ಮಾತ್ರ. ಲಂಡನ್ನಲ್ಲಿ ಇಂಥ ಜಗಲಿ ಇರೋ ಗಾಡಿ ಛತ್ರ ಅಂತ ಉಳಿದಿರೋದು ಇದೊಂದೇ. 1937ರಲ್ಲಿ ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ಕೈಗೆ ಬಂತು, ಹಾಗಾಗಿ ಉಳ್ಕೊಂಡಿದೆ. ಆ ಕೆಡವಿದ ಎರಡು ಭಾಗ ನೆನೆಸ್ಕೊಂಡ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಒಳಗೆ ಹೋದ್ರೆ ಸೂರು ಕೆಳಗೆ, ಹಲಗೆ ನೆಲ ಒಂದು ಕಡೆ ವಾಲಿರತ್ತೆ, ಎತ್ತರದವರು ತಲೆ ನೋಡ್ಕೊಳ್ಳಿ. ದೊಡ್ಡ ಮುಖದ ಹಳೇ ಗಡಿಯಾರ ಒಂದಿದೆ, ಅದನ್ನ ತಪ್ಪದೆ ನೋಡಿ. 1797ರಲ್ಲಿ ಸರ್ಕಾರ ಗಡಿಯಾರದ ಮೇಲೆ ಟ್ಯಾಕ್ಸ್ ಹಾಕಿತ್ತು, ಒಂದು ವರ್ಷದೊಳಗೆ ವಾಪಸ್ ತಗೊಂಡ್ರು, ಆದ್ರೆ ಛತ್ರಗಳಲ್ಲಿ ತೂಗುಹಾಕ್ತಿದ್ದ ಈ ಥರದ ಗಡಿಯಾರಕ್ಕೆ ಪಾರ್ಲಿಮೆಂಟ್ ಕ್ಲಾಕ್ ಅನ್ನೋ ಹೆಸರು ಮಾತ್ರ ಗಟ್ಟಿಯಾಗಿ ಅಂಟ್ಕೊಳ್ತು.

ಇನ್ನು ಬಿಸಿ ಬಿಯರ್ ವಿಷಯ. ಬಿಸಿ ಅಲ್ಲ ಸರ್, 11ರಿಂದ 13 ಡಿಗ್ರಿ. ನಮ್ಮ ಮಣ್ಣಿನ ಹೂಜಿ ನೀರಿಗಿಂತ ತಣ್ಣಗೇ ಇರತ್ತೆ, ಫ್ರಿಜ್‌ನಲ್ಲಿಟ್ಟ ಬಾಟಲಿಯಷ್ಟು ಕೊರೆಯಲ್ಲ ಅಷ್ಟೇ. ತುಂಬಾ ತಣ್ಣಗಾದ್ರೆ ನಾಲಿಗೆ ಮರಗಟ್ಟಿ ರುಚಿನೇ ಗೊತ್ತಾಗಲ್ಲ. ಗ್ಯಾಸ್ ಕೂಡ ಇರತ್ತೆ, ಸಣ್ಣಕೆ, ನಾಲಿಗೆ ಮೇಲೆ ಚುಮುಚುಮು ಅನ್ನೋಷ್ಟು.

ಮೇಜಿನ ಹತ್ರ ಯಾರಾದ್ರೂ ಬಂದು ಆರ್ಡರ್ ಕೇಳ್ತಾರೆ ಅಂತ ಕಾಯಬೇಡಿ, ಬಾರ್ ಕಟ್ಟೆ ಹತ್ರ ನೀವೇ ಹೋಗಿ ಕೇಳಿ ಆಗಲೇ ದುಡ್ಡು ಕೊಡಬೇಕು. ಬಿಯರ್ ಎಳೆಯೋ ಪಂಪಿನ ಹಿಡಿಕೆ ಮೇಲೆ ಒಂದೊಂದು ಬಿಲ್ಲೆ ಇರತ್ತೆ, ಏಲ್ ಹೆಸರು, ಎಷ್ಟು ಪರ್ಸೆಂಟ್ ಆಲ್ಕೋಹಾಲ್ ಅಂತ ಬರೆದಿರತ್ತೆ, ಅದನ್ನ ಪಂಪ್ ಕ್ಲಿಪ್ ಅಂತಾರೆ. ಜಾರ್ಜ್ ನಡೆಸೋದು ಗ್ರೀನ್ ಕಿಂಗ್‌ನವರು, ಸಫೋಕ್‌ನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ 1799ರಿಂದ ಬಿಯರ್ ಮಾಡ್ತಿರೋ ಕಂಪನಿ, ಅವರ ಅಬಟ್ ಏಲ್ 5 ಪರ್ಸೆಂಟ್. ನೀವು ಮೊದಲ ಸಲ ಹೋಗ್ತಿರೋದ್ರಿಂದ 4 ಪರ್ಸೆಂಟ್ ಆಸುಪಾಸಿನ ಬಿಟರ್, ಅಂದ್ರೆ ಸ್ವಲ್ಪ ಕಹಿ ಇರೋ ಏಲ್ ಒಂದರಿಂದ ಶುರು ಮಾಡಿ, ಅದೂ ಹಾಫ್ ಪಿಂಟ್. ಪೂರ್ತಿ ಪಿಂಟ್ ಅಂದ್ರೆ 568 ಎಂಎಲ್, ಕಮ್ಮಿ ಅಲ್ಲ. ತಗೊಳ್ಳೋಕೆ ಮುಂಚೆ ಒಂದು ಗುಟುಕು ರುಚಿ ನೋಡಬಹುದಾ ಅಂತ ಕೇಳಿದ್ರೆ ಚಿಕ್ಕ ಗ್ಲಾಸಲ್ಲಿ ಕೊಡ್ತಾರೆ, ಅದರಲ್ಲಿ ಸಂಕೋಚ ಬೇಡ. ಕೆಲವು ಪಬ್‌ಗಳಲ್ಲಿ ಪಿಂಟಿನ ಮೂರನೇ ಒಂದು ಭಾಗದ ಗ್ಲಾಸು ಮೂರನ್ನ ಮರದ ಪಟ್ಟಿ ಮೇಲೆ ಜೋಡಿಸಿ ಕೊಡ್ತಾರೆ, ರುಚಿ ಹೋಲಿಸೋಕೆ ಅದಕ್ಕಿಂತ ಒಳ್ಳೇದಿಲ್ಲ, ತಿಳಿ ಬಣ್ಣದಿಂದ ಶುರು ಮಾಡಿ ಪೋರ್ಟರ್ ಅನ್ನೋ ಕಪ್ಪು ಬಿಯರ್ ಕೊನೆಗಿಟ್ಕೊಳ್ಳಿ.

ಸೆಪ್ಟೆಂಬರ್ ಕೊನೆ ಅಂದ್ರಲ್ಲ, ಅದು ಕೆಂಟ್ ಜಿಲ್ಲೆಯಲ್ಲಿ ಹಾಪ್ಸ್ ಕೊಯ್ಲಿನ ಕಾಲ. ಹಾಪ್ಸ್ ಅಂದ್ರೆ ಬಿಯರ್‌ಗೆ ಕಹಿ, ಘಮ ಕೊಡೋ ಬಳ್ಳಿಯ ಹೂವು. ಆಗ ಒಣಗಿಸದೆ ಹಸಿ ಹೂವನ್ನೇ ಹಾಕಿ ಮಾಡಿದ ಏಲ್ ಕೆಲವೇ ವಾರ ಸಿಗತ್ತೆ, ಗ್ರೀನ್ ಹಾಪ್ ಅಂತ ಬಿಲ್ಲೆ ಮೇಲೆ ಕಂಡ್ರೆ ಬಿಡಬೇಡಿ. ಕೆಂಟ್‌ನ ಹಾಪ್ಸ್ ಮೂಟೆಗಳು ಹಿಂದೆ ಬಂದು ಇಳೀತಿದ್ದಿದ್ದೂ ಇದೇ ಏರಿಯಾದಲ್ಲಿ, ಜಾರ್ಜ್‌ನಿಂದ ನಾಲ್ಕು ಹೆಜ್ಜೆ ನಡೆದ್ರೆ 1867ರ ಹಾಪ್ ಎಕ್ಸ್‌ಚೇಂಜ್ ಕಟ್ಟಡ ಇದೆ, ಹಾಪ್ಸ್ ವ್ಯಾಪಾರಕ್ಕೇ ಅಂತ ಕಟ್ಟಿದ್ದು.

ಪ್ರಶ್ನೆ: ರಿಯಲ್ ಏಲ್ ಅಂದ್ರ ಏನ್ರೀ? ಉಳಿದ ಬಿಯರಿಗೂ ಅದಕ್ಕೂ ಏನ್ ಫರಕ್ ಐತಿ? — ಓದುಗರೊಬ್ಬರು, ಧಾರವಾಡ

ಫರಕ್ ಇರೋದು ಪೀಪಾಯಿ ಒಳಗ್ರೀ. ಮಾಡೋದು ಎಲ್ಲಾ ಬಿಯರಿನ ಥರಾನೇ, ಬಾರ್ಲಿ ಮೊಳಕೆ ಕಟ್ಟಿಸಿ ಒಣಗಿಸ್ತಾರೆ, ರಾಗಿ ಮಾಲ್ಟ್‌ಗೆ ನಾವು ಮಾಡ್ತೀವಲ್ಲ ಹಾಗೇ, ಆಮೇಲೆ ಬಿಸಿನೀರಲ್ಲಿ ಅದರ ಸಿಹಿ ಇಳಿಸಿ, ಹಾಪ್ಸ್ ಹಾಕಿ ಕುದಿಸಿ, ತಣ್ಣಗಾದ ಮೇಲೆ ಯೀಸ್ಟ್ ಬಿಟ್ಟು ಹುದುಗಿಸ್ತಾರೆ. ಇಲ್ಲಿಂದ ಮುಂದೆ ದಾರಿ ಬೇರೆ. ಸಾಮಾನ್ಯ ಬಿಯರ್‌ನ ಫಿಲ್ಟರ್ ಮಾಡಿ, ಹೆಚ್ಚಿನ ಪಾಲು ಕಾಯಿಸಿ ಯೀಸ್ಟ್ ಸಾಯಿಸಿ, ಹೊರಗಿಂದ ಗ್ಯಾಸ್ ತುಂಬಿ ಕಳಿಸ್ತಾರೆ, ತಿಂಗಳುಗಟ್ಟಲೆ ಕೆಡಲ್ಲ. ರಿಯಲ್ ಏಲ್‌ನ ಯೀಸ್ಟ್ ಸಮೇತ ಪೀಪಾಯಿಗೆ ತುಂಬ್ತಾರೆ, ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಅದು ಒಳಗೇ ಹುದುಗ್ತಾ ಇರತ್ತೆ, ಅದರ ಗ್ಯಾಸ್ ಅದೇ ಹುಟ್ಟಿಸ್ಕೊಳ್ಳತ್ತೆ. ರುಬ್ಬಿಟ್ಟ ದೋಸೆ ಹಿಟ್ಟಿಗೂ ಪ್ಯಾಕೆಟ್ ಮಿಕ್ಸಿಗೂ ಇರೋ ಫರಕ್ ಅನ್ಕೊಳ್ಳಿ.

ಒಂದು ಸಲ ಹಳ್ಳಿ ಕಡೆಯ ಪಬ್ಬೊಂದರಲ್ಲಿ ಮಾಲೀಕರು ನನ್ನ ನೆಲಮಾಳಿಗೆಗೆ ಕರ್ಕೊಂಡು ಹೋಗಿ ತೋರಿಸಿದ್ರು. ಪೀಪಾಯಿಗಳನ್ನ ಅಡ್ಡ ಮಲಗಿಸಿ, ಅಲ್ಲಾಡದ ಹಾಗೆ ಕೆಳಗೆ ಮರದ ತುಂಡು ಕೊಟ್ಟಿದ್ರು. ಒಂದೊಂದು ಫಿರ್ಕಿನ್, ಅಂದ್ರೆ 9 ಗ್ಯಾಲನ್, 72 ಪಿಂಟ್. ಮೇಲ್ಗಡೆ ಹೊಟ್ಟೆಯಲ್ಲಿ ಒಂದು ಬಿರಡೆ ಇರತ್ತೆ, ಅದಕ್ಕೆ ಮೆತ್ತನೆ ಮರದ ಸಣ್ಣ ಗೂಟ ಹೊಡೆದ್ರು, ಸ್ಪೈಲ್ ಅಂತಾರೆ. ಹೊಡೆದ ಕೂಡಲೇ ಗೂಟದ ಸುತ್ತ ಬಿಳಿ ನೊರೆ ಬುಸು ಬುಸು ಅಂತ ಉಕ್ಕಿ ಪೀಪಾಯಿ ಪಕ್ಕಕ್ಕೆ ಇಳೀತು, ಅವರು ಬಟ್ಟೆಲಿ ಒರೆಸಿದ್ರು, ಮತ್ತೆ ಉಕ್ತು, ಮತ್ತೆ ಒರೆಸಿದ್ರು. ಹೆಚ್ಚಿನ ಗ್ಯಾಸ್ ಆ ಮರದ ಸಂದಿಯಿಂದ ಹೋಗಬೇಕು, ನೊರೆ ನಿಂತ ಮೇಲೆ ಆ ಗೂಟ ತೆಗೆದು ಗಟ್ಟಿ ಮರದ್ದು ಹಾಕಿ ಉಳಿದ ಗ್ಯಾಸ್ ಒಳಗೇ ಹಿಡಿದಿಡ್ತಾರೆ. ಒಂದೆರಡು ದಿನ ಸುಮ್ನೆ ಬಿಟ್ರೆ ಮಡ್ಡಿ ತಳಕ್ಕೆ ಕೂತು ಮೇಲೆ ತಿಳಿಯಾಗತ್ತೆ. ಯಾವಾಗ ತಯಾರಾಯ್ತು ಅಂತ ಯಾವ ಮೀಟರೂ ಹೇಳಲ್ಲ, ಅವರು ಒಂದು ಗ್ಲಾಸಿಗೆ ಸ್ವಲ್ಪ ಬಿಟ್ಕೊಂಡು ಬಲ್ಬಿಗೆ ಹಿಡಿದು ನೋಡಿ, ಮೂಸಿ, ಬಾಯಿಗೆ ಹಾಕ್ಕೊಂಡು, ನಾಳೆ ಸಂಜೆ ಅಂದ್ರು.

ಮೇಲಿಂದ ಹಿಡಿಕೆ ಎಳೆದಾಗ ಬರೋದು ಆ ಪೀಪಾಯಿಂದ ನೇರವಾಗಿ, ಗ್ಯಾಸ್ ತಳ್ಳಲ್ಲ, ಬರೀ ಕೈ ಬಲ. ಆ ಕೈ ಪಂಪಿಗೆ ಜೋಸೆಫ್ ಬ್ರಾಮಾ 1797ರಲ್ಲಿ ಪೇಟೆಂಟ್ ತಗೊಂಡಿದ್ದ. ಬಿಯರ್ ಕಮ್ಮಿ ಆದ ಹಾಗೆ ಪೀಪಾಯಿ ಒಳಗೆ ಗಾಳಿ ಹೋಗತ್ತೆ, ಗಾಳಿ ಸೋಕಿದ್ರೆ ಮೂರು ದಿನ ಅಷ್ಟೇ, ಆಮೇಲೆ ಸಪ್ಪೆ, ಆಮೇಲೆ ಹುಳಿ. ಬೆಳಿಗ್ಗೆ ಇಳಿಸಿದ ಶೇಂದಿ ಸಂಜೆಗೆ ಬೇರೆ ಆಗತ್ತಲ್ಲ, ಅದೇ ಲೆಕ್ಕ. ಅದಕ್ಕೇ ಇದನ್ನ ಬಾಟಲಿ ಬಿಯರ್ ಥರ ಲಾರಿಗಟ್ಟಲೆ ತುಂಬಿ ದೂರ ದೇಶಕ್ಕೆ ಕಳಿಸೋಕಾಗಲ್ಲ, ಅಲ್ಲಿಗೇ ಹೋಗಿ ಕುಡೀಬೇಕು, ಜನ ಜಾಸ್ತಿ ಬಂದು ಕುಡಿಯೋ ಪಬ್ಬಲ್ಲೇ ಕುಡೀಬೇಕು. ಇಷ್ಟು ಮೈ ಬಗ್ಗಿಸಿ ಮಾಡೋದು ಬೇಡ ಅಂತ 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಗ್ಯಾಸ್ ತುಂಬಿದ ಕೆಗ್ ಬಿಯರ್ ಕಡೆ ತಿರುಗಿದ್ವು, ಏಲ್ ಅಳಿದೇ ಹೋಗ್ತಿತ್ತು. 1971ರಲ್ಲಿ ನಾಲ್ಕು ಜನ ಸ್ನೇಹಿತರು ಸೇರಿ ಕ್ಯಾಮ್ರಾ ಅನ್ನೋ ಸಂಘ ಶುರು ಮಾಡಿದ್ರು, ರಿಯಲ್ ಏಲ್ ಅನ್ನೋ ಹೆಸರನ್ನ ಮನೆಮಾತು ಮಾಡಿದ್ದೂ ಅವರೇ. ಕುಡಿಯೋ ಜನಾನೇ ಎದ್ದು ನಿಂತು ಒಂದು ಕಸುಬನ್ನ ಉಳಿಸ್ಕೊಂಡಿದ್ದು ನಂಗೆ ತುಂಬಾ ದೊಡ್ಡ ವಿಷಯ ಅನ್ಸತ್ತೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಏಲ್‌ಗೆ ಮೀನಿನ ಏನೋ ಹಾಕ್ತಾರಂತೆ, ನಿಜವೇ? — ಓದುಗರೊಬ್ಬರು, ಶಿವಮೊಗ್ಗ

ನಿಜ, ಇದನ್ನ ಮುಚ್ಚಿಡಬಾರದು. ಮಡ್ಡಿ ಬೇಗ ತಳಕ್ಕೆ ಕೂರ್ಲಿ ಅಂತ ಐಸಿಂಗ್ಲಾಸ್ ಅನ್ನೋದನ್ನ ಹಾಕ್ತಾರೆ, ಮೀನಿನ ಹೊಟ್ಟೆಯಲ್ಲಿರೋ ಗಾಳಿ ಚೀಲ ಒಣಗಿಸಿ ಮಾಡಿದ್ದು. ಅದು ಯೀಸ್ಟ್‌ನ ಅಂಟಿಸ್ಕೊಂಡು ಕೆಳಗೆ ಇಳಿಯತ್ತೆ, ಗ್ಲಾಸಿಗೆ ಬರೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೂ ಹಾಕಿರೋದಂತೂ ಹೌದು. ಇತ್ತೀಚೆಗೆ ಇದನ್ನ ಬಿಟ್ಟು ಮಾಡೋರು ಜಾಸ್ತಿ ಆಗಿದ್ದಾರೆ, ಬಾರಲ್ಲಿ ವೀಗನ್ ಏಲ್ ಇದೆಯಾ ಇಲ್ಲಾ ಅನ್‌ಫೈನ್ಡ್ ಇದೆಯಾ ಅಂತ ಕೇಳಿ. ವೆಜಿಟೇರಿಯನ್ನಾ ಅಂತಷ್ಟೇ ಕೇಳಿದ್ರೆ ಬಿಯರಲ್ಲಿ ಮಾಂಸ ಎಲ್ಲಿಂದ ಬರತ್ತೆ ಅಂತ ಯೋಚಿಸದೆ ಹೌದು ಅಂದುಬಿಡಬಹುದು. ಅನ್‌ಫೈನ್ಡ್ ಏಲ್ ಸ್ವಲ್ಪ ಮಬ್ಬಾಗಿರತ್ತೆ, ಅದು ಕೆಟ್ಟಿದೆ ಅಂತಲ್ಲ.

ಪ್ರಶ್ನೆ: ಐಪಿಎ ಅನ್ನೋದರಲ್ಲಿ ಇಂಡಿಯಾ ಯಾಕೆ? — ಓದುಗರೊಬ್ಬರು, ಬೆಂಗಳೂರು

ಇಂಡಿಯಾ ಪೇಲ್ ಏಲ್. ಇಲ್ಲಿದ್ದ ಬ್ರಿಟಿಷರಿಗೆ ಅಂತ ಹಡಗಲ್ಲಿ ಬರ್ತಿದ್ದ ತಿಳಿ ಬಣ್ಣದ, ಹಾಪ್ಸ್ ಜಾಸ್ತಿ ಇದ್ದ ಏಲ್. ಲಂಡನ್ನಿನ ಬೋ ಅನ್ನೋ ಕಡೆ ಹಾಡ್ಜ್‌ಸನ್ ಬ್ರೂವರಿಯವರು ಮೊದಲು ಹೆಸರು ಮಾಡಿದ್ರು, 1820ರ ದಶಕದಲ್ಲಿ ಬರ್ಟನ್ ಊರಿನವರು ಪೈಪೋಟಿಗೆ ಬಂದ್ರು, ಅಲ್ಲಿನ ಜಿಪ್ಸಮ್ ಇರೋ ಗಡಸು ನೀರು ಇಂಥ ಏಲ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಈಗ ಪಬ್ಬಲ್ಲಿ ಆ ಹೆಸರಲ್ಲಿ 4 ಪರ್ಸೆಂಟಿಗಿಂತ ಕಮ್ಮಿದೂ ಸಿಗತ್ತೆ, 7ರದ್ದೂ ಸಿಗತ್ತೆ, ಹೆಸರು ನಂಬದೆ ಬಿಲ್ಲೆ ಮೇಲಿನ ಅಂಕಿ ನೋಡಿ.

ಪ್ರಶ್ನೆ: ನಾನು ಕುಡಿಯಲ್ಲ, ಜೊತೆಗೆ ಮೊಮ್ಮಗಳಿರ್ತಾಳೆ. ಪಬ್ ಒಳಗೆ ಹೋದ್ರೆ ಚೆನ್ನಾಗಿರತ್ತಾ? — ಓದುಗರೊಬ್ಬರು, ಮೈಸೂರು

ಧಾರಾಳವಾಗಿ ಹೋಗಿ ಮೇಡಂ. ಅಲ್ಲಿ ಪಬ್ ಅಂದ್ರೆ ಊರಿನ ಕಟ್ಟೆ ಇದ್ದ ಹಾಗೆ, ಅಜ್ಜಿಯರು ಕೂತು ಟೀ ಕುಡೀತಿರ್ತಾರೆ. ದೊಡ್ಡವರ ಜೊತೆ ಮಕ್ಕಳನ್ನ ಹೆಚ್ಚಿನ ಕಡೆ ಬಿಡ್ತಾರೆ, ಸಂಜೆ ಮೇಲೆ ಕೆಲವು ಕಡೆ ಇಲ್ಲ, ಬಾಗಿಲಲ್ಲೇ ಕೇಳ್ಕೊಳ್ಳಿ. ಲೈಮ್ ಅಂಡ್ ಸೋಡಾ ಅಂತ ಹೇಳಿ, ಅಗ್ಗ, ಚೆನ್ನಾಗಿರತ್ತೆ. ಜಾರ್ಜ್ ಆದ್ರೆ ಹೊರಗೆ ಅಂಗಳದಲ್ಲೇ ಬೆಂಚುಗಳಿವೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಆಫೀಸ್ ಬಿಟ್ಟ ಮೇಲೆ ನಿಲ್ಲೋಕೂ ಜಾಗ ಇರಲ್ಲ.

ಪ್ರಶ್ನೆ: ಇಲ್ಲಿಗೆ ಓದೋಕೆ ಬಂದು ಎರಡು ತಿಂಗಳಾಯ್ತು. ಪಬ್ಬಲ್ಲಿ ಕೊಟ್ಟ ಏಲ್ ಹುಳಿ ಹುಳಿಯಾಗಿತ್ತು, ರಿಯಲ್ ಏಲ್ ಅಂದ್ರೆ ಹೀಗೇ ಇರತ್ತೇನೋ ಅಂತ ಕಷ್ಟಪಟ್ಟು ಕುಡಿದೆ. ವಾಪಸ್ ಕೊಡಬಹುದಿತ್ತಾ? — ವಿದ್ಯಾರ್ಥಿಯೊಬ್ಬರು, ಲೀಡ್ಸ್

ಕೊಡಬಹುದಿತ್ತು ತಮ್ಮಾ, ಕೊಡಲೇಬೇಕಿತ್ತು. ಕಹಿ ಇರಬಹುದು, ವಿನೆಗರ್ ಥರ ಹುಳಿ ಇರಬಾರದು. ನಂಗೂ ಹೀಗೇ ಆಗಿದೆ, ಯಾವ ಪಬ್ಬು ಅಂತ ಬೇಡ, ಮಂಗಳವಾರ ಮಧ್ಯಾಹ್ನ, ಒಳಗೆ ಜನಾನೇ ಇರಲಿಲ್ಲ. ಒಂದು ಗುಟುಕು ಕುಡಿದು ಗ್ಲಾಸ್ ವಾಪಸ್ ಕಟ್ಟೆ ಮೇಲಿಟ್ಟು, ಇದು ಯಾಕೋ ಸರಿ ಇಲ್ಲ ಅನ್ಸತ್ತೆ, ಸ್ವಲ್ಪ ನೋಡ್ತೀರಾ ಅಂದೆ. ಅರ್ಧ ಕುಡಿದು ಮುಗಿಸಿ ಹೇಳಿದ್ರೆ ಯಾರೂ ಒಪ್ಪಲ್ಲ, ಮೊದಲ ಗುಟುಕಿಗೇ ಹೇಳಬೇಕು. ಬಾರಲ್ಲಿದ್ದ ಹುಡುಗಿ ಗ್ಲಾಸ್ ಮೂಸಿ ನೋಡಿದ್ಲು, ಮುಖ ಕಿವುಚಿ ಸಾರಿ ಅಂದು, ಅದನ್ನ ಸಿಂಕಿಗೆ ಸುರಿದು ಪಕ್ಕದ ಪಂಪಿಂದ ಬೇರೆ ಎಳೆದುಕೊಟ್ಲು. ಆಮೇಲೆ ಆ ಮೊದಲನೇ ಪಂಪಿನ ಬಿಲ್ಲೆಯನ್ನ ತನ್ನ ಕಡೆಗೆ ತಿರುಗಿಸಿಟ್ಲು, ಅಂದ್ರೆ ಈ ಏಲ್ ಇನ್ನು ಯಾರಿಗೂ ಕೊಡಲ್ಲ ಅಂತ.