ಊಟದ ಮೇಲೆ ಹಗೆ ಸಾಧಿಸದೆ ತೂಕ ಇಳಿಸುವುದು ಹೇಗೆ?

ಎರಡು ಸಲ ಅನ್ನವನ್ನು ಪೂರ್ತಿಯಾಗಿ ಬಿಟ್ಟು ಎಂಟೊಂಬತ್ತು ಕಿಲೋ ಇಳಿಸಿದೆ, ಎರಡು ಸಲವೂ ವರ್ಷ ತುಂಬುವುದರೊಳಗೆ ಅಷ್ಟೂ ಮರಳಿತು, ಈಗ ಒಂದು ಚೂರು ಸಿಹಿ ತಿಂದರೂ ತಪ್ಪು ಮಾಡಿದಂತೆ ಮನಸ್ಸು ಕೊರೆಯುತ್ತದೆ, ಎರಡು ತಿಂಗಳಲ್ಲಿ ತಂಗಿಯ ಮದುವೆ ಬೇರೆ ಇದೆ ಎಂದು ಬರೆದಿದ್ದೀರಿ. ನಾನು ವೈದ್ಯಳಲ್ಲ. ನಿಮ್ಮ ಪಾಡನ್ನೇ ಎಂಟು ವರ್ಷ ಪಟ್ಟು, ಆಮೇಲೆ ಎರಡು ವರ್ಷಗಳಲ್ಲಿ 82 ಕಿಲೋದಿಂದ 69ಕ್ಕೆ ಇಳಿದು, ನಾಲ್ಕು ವರ್ಷಗಳಿಂದ ಅದರ ಆಸುಪಾಸಿನಲ್ಲೇ ಇರುವವಳು ಎಂಬ ಸಲುಗೆಯಿಂದ ಉತ್ತರಿಸುತ್ತಿದ್ದೇನೆ.

ತೂಕ ಮರಳಿದ್ದು ನಿಮ್ಮ ಮನಸ್ಸು ಗಟ್ಟಿಯಿಲ್ಲದ್ದರಿಂದ ಎಂದು ದಯವಿಟ್ಟು ತಿಳಿಯಬೇಡಿ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಆರಂಭಿಸಿದರು. ಆರೋಗ್ಯವಂತರಾದ 36 ಮಂದಿ ಸ್ವಯಂಸೇವಕರಿಗೆ, ಕೆಲವು ವಾರ ಸರಿಯಾದ ಊಟ ಕೊಟ್ಟ ಬಳಿಕ, ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,570 ಕ್ಯಾಲರಿಯ ಅರೆಹೊಟ್ಟೆಯ ಊಟವನ್ನಷ್ಟೇ ಕೊಡಲಾಯಿತು. ಅವರ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು. ಜೊತೆಗೆ ಹಗಲಿರುಳೂ ಊಟದ್ದೇ ಧ್ಯಾನ ಹತ್ತಿತು, ಅಡುಗೆ ಪುಸ್ತಕಗಳನ್ನು ಓದುವ ಗೀಳು ಹಿಡಿಯಿತು, ತಟ್ಟೆ ನೆಕ್ಕುವುದು ರೂಢಿಯಾಯಿತು, ಕಟ್ಟುಪಾಡು ತೆಗೆದ ಮೇಲೆ ಎಷ್ಟು ಉಂಡರೂ ಸಾಕೆನ್ನಿಸದ ಸ್ಥಿತಿ ಕೆಲವರಿಗೆ ಬಂತು. ಇಂದು ಮೊಬೈಲಿನಲ್ಲಿ ಹರಿದಾಡುವ ಅನೇಕ ಡಯಟ್ ಪಟ್ಟಿಗಳಲ್ಲಿ ಅದಕ್ಕಿಂತಲೂ ಕಡಿಮೆ ಊಟವಿರುತ್ತದೆ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿ ತೂಕ ಇಳಿಸಿಕೊಂಡವರಲ್ಲಿ ಹಸಿವನ್ನು ಕೆರಳಿಸುವ ಹಾರ್ಮೋನುಗಳ ಏರುಪೇರು ಒಂದು ವರ್ಷ ಕಳೆದರೂ ಸರಿಹೋಗಿರಲಿಲ್ಲವೆಂದು ತೋರಿಸಿತು. ಅಂದರೆ ಬಾಯಿ ಕಟ್ಟಿದಷ್ಟೂ ದೇಹ ಅದನ್ನು ಬರಗಾಲವೆಂದೇ ಭಾವಿಸುತ್ತದೆ.

ನನ್ನ ಬರಗಾಲದ ದಿನಗಳು ಹೀಗಿದ್ದವು: ಬೆಳಿಗ್ಗೆ ತೂಕ ಇಳಿಸುವ ಕೇಂದ್ರವೊಂದು ಮಾರಿದ ಪುಡಿಯನ್ನು ಕದಡಿದ ಒಂದು ಲೋಟ, ಮಧ್ಯಾಹ್ನ ಎರಡು ಸೌತೆಕಾಯಿ, ಸಂಜೆ ಬರಿಯ ಟೀ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ದೀಪ ಹಾಕದೆ ಅಡುಗೆಮನೆಗೆ ಹೋಗಿ, ಸದ್ದಾಗದಿರಲೆಂದು ಚಕ್ಕುಲಿ ಡಬ್ಬದ ಮುಚ್ಚಳವನ್ನು ಸೆರಗಿನಲ್ಲಿ ಸುತ್ತಿ ಹಿಡಿದು ತೆಗೆದು, ನಿಂತಲ್ಲೇ ಏಳೆಂಟು ಚಕ್ಕುಲಿ ತಿನ್ನುತ್ತಿದ್ದೆ. ರುಚಿ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ಮರುದಿನ ಅದರ ಪ್ರಾಯಶ್ಚಿತ್ತಕ್ಕೆಂದು ತಿಂಡಿ ಬಿಡುತ್ತಿದ್ದೆ, ಆ ಹಸಿವು ರಾತ್ರಿ ಮತ್ತೆ ಡಬ್ಬದ ಬಳಿಗೇ ಕರೆತರುತ್ತಿತ್ತು.

ಕೊನೆಗೆ ನಾನು ಕಂಡ ಡಯಟೀಷಿಯನ್ ಒಬ್ಬರು ಏನನ್ನು ಬಿಡಬೇಕೆಂದು ಹೇಳಲೇ ಇಲ್ಲ. ಒಂದು ತಿಂಗಳು ತೂಕದ ಯಂತ್ರ ಹತ್ತಬೇಡಿ, ಮೂರು ಹೊತ್ತೂ ಕೂತು, ಮನೆಯವರ ಜೊತೆ ಉಣ್ಣಿ, ಸಂಜೆ ಐದಕ್ಕೆ ಒಂದು ಬಟ್ಟಲು ಹೆಸರುಕಾಳಿನ ಉಸಲಿಯನ್ನೋ ಒಂದು ಹಿಡಿ ಹುರಿಗಡಲೆಯನ್ನೋ ತಿನ್ನಿ ಎಂದರು. ಹೊಟ್ಟೆ ತುಂಬ ಉಂಡರೆ ತೂಕ ಏರುತ್ತದೆಂದು ನಾನು ಹೆದರಿದ್ದೆ. ಆದರೆ ಮೂರು ವಾರ ಕಳೆಯುವಷ್ಟರಲ್ಲಿ ರಾತ್ರಿಯ ಡಬ್ಬ ತಾನಾಗಿಯೇ ನಿಂತಿತು. ಆಮೇಲೆಯೇ ಊಟದ ಪ್ರಮಾಣಕ್ಕೆ ಕೈಹಾಕಿದ್ದು. ನೀವೂ ಇದೇ ಕ್ರಮದಲ್ಲಿ ಮಾಡಬೇಕೆಂದು ಒತ್ತಿ ಹೇಳುತ್ತೇನೆ: ಮೊದಲು ಹೊತ್ತಿಗೆ ಸರಿಯಾಗಿ ಊಟ, ಅದು ರೂಢಿಯಾದ ಮೇಲೆ ಪ್ರಮಾಣ.

ಪ್ರಮಾಣದ ವಿಷಯದಲ್ಲಿ ನಮ್ಮ ತಟ್ಟೆಯ ದೋಷ ಅನ್ನವಲ್ಲ, ಅನ್ನದ ಪಕ್ಕದಲ್ಲಿ ಪಲ್ಯವು ಉಪ್ಪಿನಕಾಯಿಯಷ್ಟು ಚೂರೇ ಇರುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ತಟ್ಟೆಯ ಅರ್ಧದಷ್ಟು ತರಕಾರಿ, ಹಣ್ಣುಗಳೇ ಇರಬೇಕು. ನಾನು ಅನ್ನವನ್ನು ಮೂರು ಸೌಟಿನಿಂದ ಒಂದೂವರೆಗೆ ಇಳಿಸಿದೆ, ಕೋಸಂಬರಿ ಅಥವಾ ಪಲ್ಯವನ್ನು ಮೊದಲು ಬಡಿಸಿಕೊಳ್ಳತೊಡಗಿದೆ, ಹುಳಿಯನ್ನು ಮೇಲಿನ ತಿಳಿ ಬಿಟ್ಟು ತಳದಿಂದ ಕಲಕಿ ಬೇಳೆ ಸಮೇತ ಹಾಕಿಕೊಳ್ಳತೊಡಗಿದೆ. ಮುದ್ದೆ ಬಸ್ಸಾರನ್ನು ಬಿಡಲೇ ಇಲ್ಲ. ಮುದ್ದೆಯ ಗಾತ್ರ ಮಾತ್ರ ಚಿಕ್ಕದಾಯಿತು. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕಾಗುವುದರಿಂದ, ಎರಡನೆಯ ಸಲ ಬಡಿಸಿಕೊಳ್ಳುವ ಮುನ್ನ ಸ್ವಲ್ಪ ತಡೆಯುವುದನ್ನು ಕಲಿತೆ.

ನಿಜವಾದ ಉಳಿತಾಯವಾದದ್ದು ಕಣ್ಣಿಗೆ ಕಾಣದ ಕಡೆಯಲ್ಲಿ. ನಾಲ್ವರ ನಮ್ಮ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬರುತ್ತಿತ್ತು. ಒಗ್ಗರಣೆಗೆ ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆಯತೊಡಗಿದ ಮೇಲೆ ಅದು ಎರಡೂವರೆ ಲೀಟರಿಗೆ ಇಳಿಯಿತು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿಯಂತೆ ಲೆಕ್ಕ ಹಾಕಿದರೆ ತಲೆಗೆ ದಿನಕ್ಕೆ ಸುಮಾರು ನೂರು ಕ್ಯಾಲರಿ ತಗ್ಗಿತು, ಸಾರಿನ ರುಚಿ ಕೆಟ್ಟಿತೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಕಚೇರಿಯಲ್ಲಿ ದಿನಕ್ಕೆ ಐದು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ ಇನ್ನೂರರಷ್ಟು ಕ್ಯಾಲರಿ. ಅದನ್ನು ಎರಡು ಟೀ, ಅರ್ಧರ್ಧ ಚಮಚಕ್ಕೆ ತರಲು ನಾಲ್ಕು ತಿಂಗಳು ಹಿಡಿಯಿತು. ದಿನವೂ ಮುಕ್ಕಾಲು ಗಂಟೆ ನಡಿಗೆ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಇದ್ದೇ ಇದೆ.

ಇಳಿದ ತೂಕವನ್ನು ಸರಾಸರಿ ನೋಡಿದರೆ ತಿಂಗಳಿಗೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಡುವೆ ಮೂರು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಕ್ಯಾಲರಿಯೂ ಕಡಿಮೆಯಾಗುವುದರಿಂದ ಹೀಗಾಗುವುದು ಸಹಜ. ಆಗ ಗಾಬರಿಯಾಗಿ ಊಟ ಬಿಟ್ಟರೆ ಮತ್ತೆ ಹಳೆಯ ಸುಳಿಗೇ ಬೀಳುತ್ತೀರಿ. ಇರುವ ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡದ ಮೇಲೆ ಒಳ್ಳೆಯ ಪರಿಣಾಮ ಕಾಣುತ್ತದೆ.

ಆರಂಭಿಸುವ ಮೊದಲು ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ಊಟ ತಗ್ಗಿಸಬೇಡಿ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಹಿಡಿತ ತಪ್ಪಿ ಮೇಲಿಂದ ಮೇಲೆ ತಿನ್ನುವುದು ಇದ್ದರೆ ಅದು ನಾಚಿಕೆಪಡುವ ವಿಷಯವಲ್ಲ, ಚಿಕಿತ್ಸೆಯಿರುವ ತೊಂದರೆ. ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಮದುವೆ. ಎರಡು ತಿಂಗಳಲ್ಲಿ ಎಂಟು ಕಿಲೋ ಇಳಿಸುವ ಹಟ ಬೇಡ. ಅಂದು ಬೆಳಿಗ್ಗೆ ತಿಂಡಿ ಬಿಡದೆ ತಿನ್ನಿ, ಹಸಿದ ಹೊಟ್ಟೆಯಲ್ಲಿ ಪಂಕ್ತಿಗೆ ಕೂರಬೇಡಿ. ಕೋಸಂಬರಿ, ಪಲ್ಯ ಮುಗಿಸಿ, ಹೋಳಿಗೆ ಬಂದಾಗ ಒಂದನ್ನು ತುಪ್ಪ ಸಮೇತ ಹಾಕಿಸಿಕೊಂಡು ನಿಧಾನವಾಗಿ ತಿನ್ನಿ. ಎರಡನೆಯದನ್ನು ನೀಡಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದರೆ ಯಾರೂ ಬೇಸರಿಸುವುದಿಲ್ಲ. ರಾತ್ರಿ ಹಸಿವಾದರೆ ಎಂದಿನಂತೆ ಉಣ್ಣಿ, ಮರುದಿನ ಬೆಳಿಗ್ಗೆಯ ತಿಂಡಿಯನ್ನೂ ಎಂದಿನ ಹೊತ್ತಿಗೇ ತಿನ್ನಿ.